ಪ್ಲಾಸ್ಟಿಕ್ ಬಾಟಲಿಯ ರಾಸಾಯನಿಕ ವಿವಾದ: ವರ್ತಕರು ಪರಿಶೀಲಿಸಬೇಕಾದ ಸಂಗತಿಗಳು

ನೀರಿನ ಬಾಟಲಿ, ಮಕ್ಕಳ ಹಾಲಿನ ಬಾಟಲಿ, ಊಟದ ಡಬ್ಬಿ, 20 ಲೀಟರಿನ ನೀರಿನ ಕ್ಯಾನು ಮುಂತಾದ ಸರಕುಗಳನ್ನು ತಯಾರಿಸುವ ಹಾಗೂ ಮಾರುವ ಉದ್ದಿಮೆದಾರರು ಮತ್ತು ವರ್ತಕರು ಗಿರಾಕಿಗಳಿಂದ ಕೇಳಬೇಕಾಗಿ ಬರುವ ಪ್ರಶ್ನೆಯೊಂದಿದೆ: "ಇದರಲ್ಲಿ ಬಿಪಿಎ ಇದೆಯೇ?" ಇದಕ್ಕೆ ಅಂಗಡಿಗಳಲ್ಲಿ ದೊರೆಯುವ ಉತ್ತರ ಸಾಮಾನ್ಯವಾಗಿ ಎರಡು ಬಗೆಯದು. "ಇಲ್ಲ, ಇದು ಒಳ್ಳೆಯ ಪ್ಲಾಸ್ಟಿಕ್" ಎಂಬುದು ಒಂದು. "ಅದೆಲ್ಲ ಸುಳ್ಳು ಸುದ್ದಿ" ಎಂಬುದು ಇನ್ನೊಂದು. ಎರಡರ ಹಿಂದೆಯೂ ದಾಖಲೆ ಇರುವುದಿಲ್ಲ. ಓಚರ್ ಇಲ್ಲದ ಖರ್ಚನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ. ಆಧಾರವಿಲ್ಲದ ಭರವಸೆಯನ್ನು ಇಂದಿನ ಗ್ರಾಹಕ ಕಾನೂನೂ ಒಪ್ಪುವುದಿಲ್ಲ. ಆದುದರಿಂದ ಈ ವಿವಾದದ ಮೂಲವೇನು, ಇದುವರೆಗೆ ಆಗಿರುವ ತೀರ್ಮಾನಗಳಾವುವು, ಅಂತರ್ಜಾಲದಲ್ಲಿ ಸಿಗುವ ರಾಶಿ ರಾಶಿ ಮಾಹಿತಿಯಲ್ಲಿ ನಂಬತಕ್ಕದ್ದು ಯಾವುದು ಎಂಬುದನ್ನು ವ್ಯಾಪಾರಿಗಳು ತಿಳಿದಿರುವುದು ಅವಶ್ಯಕ.

ವಸ್ತು ಯಾವುದು?

ಬಿಪಿಎ ಎಂಬುದು ಬಿಸ್ಫೆನಾಲ್-ಎ ಎಂಬ ರಾಸಾಯನಿಕದ ಸಂಕ್ಷಿಪ್ತ ಹೆಸರು. ರಷ್ಯಾದ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಡಯಾನಿನ್ ಇದನ್ನು 1891ರಲ್ಲಿ ಮೊದಲು ತಯಾರಿಸಿದರು. 1930ರ ದಶಕದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಡಾಡ್ಸ್ ಇದಕ್ಕೆ ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್‌ನಂತೆ ವರ್ತಿಸುವ ಗುಣವಿದೆ ಎಂದು ಕಂಡುಕೊಂಡರು. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಷ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಡೇನಿಯಲ್ ಫಾಕ್ಸ್ ಪ್ರತ್ಯೇಕವಾಗಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕನ್ನು ರೂಪಿಸಿದರು. ಗಾಜಿನಂತೆ ಪಾರದರ್ಶಕವಾಗಿದ್ದು ಕೆಳಗೆ ಬಿದ್ದರೂ ಒಡೆಯದ ಈ ಪ್ಲಾಸ್ಟಿಕ್ಕಿಗೆ ಬಿಪಿಎ ಮೂಲವಸ್ತು. ಡಬ್ಬಿಯಲ್ಲಿ ಬರುವ ಆಹಾರಕ್ಕೆ ಲೋಹ ತಾಗದಂತೆ ಒಳಗೆ ಬಳಿಯುವ ಎಪಾಕ್ಸಿ ಲೇಪನದಲ್ಲಿಯೂ ಇದೇ ರಾಸಾಯನಿಕದ ಬಳಕೆಯಿದೆ.

ಇಲ್ಲಿ ಮೊದಲು ನಿವಾರಿಸಿಕೊಳ್ಳಬೇಕಾದ ಗೊಂದಲವೊಂದಿದೆ. ಒಂದು ಲೀಟರಿನ ಸಾಮಾನ್ಯ ಮಿನರಲ್ ವಾಟರ್ ಬಾಟಲಿ ಪೆಟ್ ಪ್ಲಾಸ್ಟಿಕ್ಕಿನದು. ಪೆಟ್ ತಯಾರಿಕೆಗೆ ಬಿಪಿಎ ಬೇಕಿಲ್ಲ. ಬಾಟಲಿಯ ತಳದ ತ್ರಿಕೋನದಲ್ಲಿ 1 ಎಂಬ ಅಂಕಿ ಇದ್ದರೆ ಅದು ಪೆಟ್, 2 ಇದ್ದರೆ ಗಡಸು ಪಾಲಿಎಥಿಲೀನ್, 5 ಇದ್ದರೆ ಪಾಲಿಪ್ರೊಪಿಲೀನ್. ಪಾಲಿಕಾರ್ಬೊನೇಟ್ 7 ಎಂಬ ಅಂಕಿಯ ಅಡಿಯಲ್ಲಿ ಬರುತ್ತದೆ. ಆದರೆ 7 ಎಂದರೆ "ಇತರೆ" ಎಂದಷ್ಟೇ ಅರ್ಥ. ಬಿಪಿಎ ಇಲ್ಲದ ಹಲವು ಪ್ಲಾಸ್ಟಿಕ್ಕುಗಳೂ ಅದೇ ಗುಂಪಿನಲ್ಲಿವೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವು ಈ ಅಂಕಿಗಳನ್ನು ಜಾರಿಗೆ ತಂದದ್ದು ಮರುಬಳಕೆಗಾಗಿ ವಿಂಗಡಿಸಲು ಅನುಕೂಲವಾಗಲೆಂದು. ಅವು ಸುರಕ್ಷತೆಯ ಮುದ್ರೆಗಳಲ್ಲ.

ವಿವಾದ ಹುಟ್ಟಿದ ಬಗೆ

ಹಾನಿಯನ್ನು ಹುಡುಕಹೊರಟವರಿಗಿಂತ ಮೊದಲು ಬೇರೆ ಕೆಲಸದಲ್ಲಿ ತೊಡಗಿದ್ದವರಿಗೆ ಈ ಸಮಸ್ಯೆ ಎದುರಾಯಿತೆಂಬುದು ಗಮನಾರ್ಹ. 1993ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಪ್ರಯೋಗದಲ್ಲಿ ಕಂಡುಬಂದ ಈಸ್ಟ್ರೋಜೆನ್‌ನಂತಹ ವಸ್ತುವು, ಬಿಸಿ ಹಬೆಯಿಂದ ಶುದ್ಧೀಕರಿಸುವಾಗ ಪಾಲಿಕಾರ್ಬೊನೇಟ್ ಪಾತ್ರೆಯಿಂದಲೇ ಹೊರಬಂದ ಬಿಪಿಎ ಎಂದು ಪ್ರಕಟಿಸಿದರು. 1998ರಲ್ಲಿ ಪೆಟ್ರೀಷಿಯಾ ಹಂಟ್ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಇಲಿಗಳ ಪಂಜರಗಳನ್ನು ತಪ್ಪಾದ ಮಾರ್ಜಕದಿಂದ ತೊಳೆದ ಕಾರಣ ಪ್ಲಾಸ್ಟಿಕ್ ಕೆಟ್ಟು, ಅದರೊಳಗಿದ್ದ ಇಲಿಗಳ ಅಂಡಾಣುಗಳಲ್ಲಿ ವರ್ಣತಂತುಗಳ ದೋಷ ಹೆಚ್ಚಿತು. ಈ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು 1997ರಲ್ಲಿ ಮಿಸ್ಸೂರಿ ವಿಶ್ವವಿದ್ಯಾಲಯದ ಫ್ರೆಡರಿಕ್ ವಾಮ್ ಸಾಲ್ ಅವರು ಅತ್ಯಲ್ಪ ಪ್ರಮಾಣದ ಬಿಪಿಎ ಸಹ ಇಲಿಮರಿಗಳ ಪ್ರಾಸ್ಟೇಟ್ ಗ್ರಂಥಿಯ ಮೇಲೆ ಪರಿಣಾಮ ಬೀರುತ್ತದೆಂದು ವರದಿ ಮಾಡಿದ್ದರು.

ಮನುಷ್ಯರ ಬಗೆಗಿನ ಅಂಕಿ ಅಂಶಗಳು ತದನಂತರ ಬಂದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2003-04ರಲ್ಲಿ ಸಂಗ್ರಹಿಸಿದ 2,517 ಜನರ ಮೂತ್ರದ ಮಾದರಿಗಳಲ್ಲಿ ಶೇ. 93ರಷ್ಟರಲ್ಲಿ ಬಿಪಿಎ ಪತ್ತೆಯಾಯಿತು. 2008ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದ ಅಧ್ಯಯನವೊಂದು, ಕುದಿಯುವ ನೀರು ತಾಗಿದಾಗ ಪಾಲಿಕಾರ್ಬೊನೇಟ್ ಬಾಟಲಿಯಿಂದ ಬಿಪಿಎ ಹೊರಬರುವ ವೇಗ 15ರಿಂದ 55 ಪಟ್ಟು ಹೆಚ್ಚುತ್ತದೆಂದು ತೋರಿಸಿತು. ಬಾಟಲಿ ಹಳೆಯದೋ ಹೊಸದೋ ಎಂಬುದಕ್ಕಿಂತ ಅದರೊಳಗೆ ಸುರಿದ ದ್ರವದ ಬಿಸಿಯೇ ಮುಖ್ಯವೆಂಬುದು ಅದರ ಸಾರಾಂಶ. 2009ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ 77 ವಿದ್ಯಾರ್ಥಿಗಳು ಒಂದು ವಾರ ಪಾಲಿಕಾರ್ಬೊನೇಟ್ ಬಾಟಲಿಯಿಂದ ತಣ್ಣನೆಯ ಪಾನೀಯ ಸೇವಿಸಿದಾಗ ಅವರ ಮೂತ್ರದಲ್ಲಿ ಬಿಪಿಎ ಪ್ರಮಾಣ ಸುಮಾರು ಮೂರನೇ ಎರಡರಷ್ಟು ಏರಿತು.

ಆದರೆ ದೇಹದಲ್ಲಿ ಪತ್ತೆಯಾಗುವುದು ಬೇರೆ, ರೋಗಕ್ಕೆ ಕಾರಣವಾಗುವುದು ಬೇರೆ. ಬಿಪಿಎ ಕೆಲವೇ ಗಂಟೆಗಳಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ. ಆಹಾರದ ಮೂಲಕ ದೇಹ ಸೇರುವ ಬಿಪಿಎಯಲ್ಲಿ ಹೆಚ್ಚಿನ ಪಾಲು ಬಾಟಲಿಯದಲ್ಲ, ಲೋಹದ ಡಬ್ಬಿಯ ಆಹಾರದ್ದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೇ 2015ರಲ್ಲಿ ಹೇಳಿದೆ. ವಿವಾದದ ತಿರುಳಿರುವುದು ಇಲ್ಲಿಯೇ: ರಾಸಾಯನಿಕ ಹೊರಬರುತ್ತದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ, ಹೊರಬಂದ ಅಲ್ಪಪ್ರಮಾಣದಿಂದ ಮನುಷ್ಯರಿಗೆ ಎಷ್ಟು ಹಾನಿ ಎಂಬುದರಲ್ಲಿದೆ.

ಸಂಶೋಧನೆಗೆ ಹಣ ಕೊಟ್ಟವರಾರು?

ಪರಿಶೋಧಕರ ಸ್ವಾತಂತ್ರ್ಯದ ಮಹತ್ವವನ್ನು ವ್ಯಾಪಾರಿಗಳಿಗೆ ವಿವರಿಸಬೇಕಿಲ್ಲ. ಇದೇ ಪ್ರಶ್ನೆ ಇಲ್ಲಿಯೂ ಎದ್ದಿತು. 2004ರಲ್ಲಿ ಹಾರ್ವರ್ಡ್‌ನ ಅಪಾಯ ವಿಶ್ಲೇಷಣಾ ಕೇಂದ್ರದ ಹೆಸರಿನಲ್ಲಿ ಬಂದ ಸಮೀಕ್ಷೆಯೊಂದು ಅಲ್ಪಪ್ರಮಾಣದ ಹಾನಿಗೆ ಸಾಕ್ಷ್ಯ ದುರ್ಬಲವಾಗಿದೆ ಎಂದಿತು. ಅದಕ್ಕೆ ಹಣ ಒದಗಿಸಿದ್ದು ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಮಂಡಳಿ. 2005ರಲ್ಲಿ ವಾಮ್ ಸಾಲ್ ಮತ್ತು ಅವರ ಸಹೋದ್ಯೋಗಿ 2004ರ ಅಂತ್ಯದವರೆಗೆ ಪ್ರಕಟವಾದ 115 ಪ್ರಾಣಿ ಅಧ್ಯಯನಗಳನ್ನು ಪಟ್ಟಿ ಮಾಡಿದಾಗ, ಸರಕಾರದ ಹಣದಿಂದ ನಡೆದವುಗಳಲ್ಲಿ ಶೇ. 90ಕ್ಕೂ ಹೆಚ್ಚು ಪರಿಣಾಮವನ್ನು ಕಂಡಿದ್ದವು. ಉದ್ಯಮದ ಹಣದಿಂದ ನಡೆದ 11ರಲ್ಲಿ ಒಂದೂ ಕಂಡಿರಲಿಲ್ಲ.

ಇದರಿಂದ ಉದ್ಯಮದ ಅಧ್ಯಯನಗಳೆಲ್ಲ ಸುಳ್ಳೆಂದು ತೀರ್ಮಾನಿಸಲಾಗದು. ಸಾಮಾನ್ಯವಾಗಿ ಉದ್ಯಮದ ಅಧ್ಯಯನಗಳು ನಿಗದಿತ ನಿಯಮಾವಳಿಯಂತೆ ಹೆಚ್ಚು ಪ್ರಾಣಿಗಳನ್ನು ಬಳಸಿ ನಡೆಯುತ್ತವೆ; ವಿಶ್ವವಿದ್ಯಾಲಯದ ಅಧ್ಯಯನಗಳು ಚಿಕ್ಕವಾಗಿದ್ದರೂ ಸೂಕ್ಷ್ಮ ಬದಲಾವಣೆಗಳನ್ನು ಹುಡುಕುತ್ತವೆ. ಇವೆರಡನ್ನೂ ಒಂದುಗೂಡಿಸಲೆಂದು ಅಮೆರಿಕದ ಸರಕಾರಿ ಸಂಸ್ಥೆಗಳು ವಿಶ್ವವಿದ್ಯಾಲಯಗಳ ವಿಜ್ಞಾನಿಗಳ ಜೊತೆಗೂಡಿ ಕ್ಲಾರಿಟಿ ಎಂಬ ಯೋಜನೆಯನ್ನು ಕೈಗೊಂಡವು. 2018ರಲ್ಲಿ ಅದರ ಮುಖ್ಯ ವರದಿ ಬಂದಾಗ ಆಹಾರ ಮತ್ತು ಔಷಧ ಆಡಳಿತವು ಪರಿಣಾಮ ಅತ್ಯಲ್ಪವೆಂದಿತು. ಅದೇ ಅಂಕಿಗಳನ್ನು ನೋಡಿದ ಹಲವು ವಿಜ್ಞಾನಿಗಳು ಅತಿ ಕಡಿಮೆ ಪ್ರಮಾಣದಲ್ಲಿಯೂ ಪರಿಣಾಮ ಕಂಡಿದೆ ಎಂದು ವಾದಿಸಿದರು. ಸ್ಪಷ್ಟತೆ ಎಂಬ ಅರ್ಥದ ಹೆಸರಿಟ್ಟುಕೊಂಡ ಯೋಜನೆಯೂ ವಿವಾದವನ್ನು ಮುಗಿಸಲಿಲ್ಲ.

ಕಾನೂನಿಗಿಂತ ಮುಂದೆ ನಡೆದ ಮಾರುಕಟ್ಟೆ

ವರ್ತಕರ ದೃಷ್ಟಿಯಿಂದ ಅತ್ಯಂತ ಮುಖ್ಯವಾದ ಪಾಠ ವಿಜ್ಞಾನದ್ದಲ್ಲ, ದಿನಾಂಕಗಳದ್ದು. ಕೆನಡಾದ ಮೌಂಟನ್ ಇಕ್ವಿಪ್‌ಮೆಂಟ್ ಕೋ-ಆಪ್ ಎಂಬ ಸಹಕಾರಿ ಮಳಿಗೆಯು 2007ರ ಡಿಸೆಂಬರ್‌ನಲ್ಲಿ ಪಾಲಿಕಾರ್ಬೊನೇಟ್ ಬಾಟಲಿಗಳನ್ನು ಕಪಾಟಿನಿಂದ ತೆಗೆಯಿತು. 2008ರ ಏಪ್ರಿಲ್‌ನಲ್ಲಿ ಕೆನಡಾ ಸರಕಾರದ ಕರಡು ವರದಿ ಹೊರಬಿದ್ದೊಡನೆ ನ್ಯಾಲ್ಜೀನ್ ಸಂಸ್ಥೆ ತನ್ನ ಹೆಸರಾಂತ ಬಾಟಲಿಗಳಲ್ಲಿ ಪಾಲಿಕಾರ್ಬೊನೇಟ್ ಬಳಕೆಯನ್ನು ನಿಲ್ಲಿಸುವುದಾಗಿ ಘೋಷಿಸಿತು. ಹಾಲಿನ ಬಾಟಲಿಗಳ ಮೇಲೆ ಕೆನಡಾದ ಕಾನೂನು ಜಾರಿಗೆ ಬಂದದ್ದು 2010ರಲ್ಲಿ. ಯುರೋಪಿಯನ್ ಒಕ್ಕೂಟದ ನಿಷೇಧ ಬಂದದ್ದು 2011ರಲ್ಲಿ. ಅಮೆರಿಕವು 2012ರ ಜುಲೈನಲ್ಲಿ ಹಾಲಿನ ಬಾಟಲಿಗೆ ಪಾಲಿಕಾರ್ಬೊನೇಟ್ ಬಳಸುವ ಅನುಮತಿಯನ್ನು ಹಿಂತೆಗೆದುಕೊಂಡಿತು. ಅದೂ ಹಾನಿಕರವೆಂಬ ಕಾರಣದಿಂದಲ್ಲ. ತಯಾರಕರು ಆ ಬಳಕೆಯನ್ನು ಆಗಲೇ ಕೈಬಿಟ್ಟಿದ್ದಾರೆ ಎಂದು ರಾಸಾಯನಿಕ ಉದ್ಯಮದ ಮಂಡಳಿಯೇ ಸಲ್ಲಿಸಿದ ಅರ್ಜಿಯ ಆಧಾರದಿಂದ.

ಅಂದರೆ ಕಾನೂನು ಬರುವುದಕ್ಕೆ ಎರಡರಿಂದ ನಾಲ್ಕು ವರ್ಷ ಮೊದಲೇ ಗಿರಾಕಿ ತೀರ್ಪು ಕೊಟ್ಟಿದ್ದನು. "ಸರಕಾರ ನಿಷೇಧಿಸಿಲ್ಲ, ಆದುದರಿಂದ ಚಿಂತೆಯಿಲ್ಲ" ಎಂದು ದಾಸ್ತಾನು ತುಂಬಿಕೊಂಡವರಿಗೆ ಆ ಮಾತು ನೆರವಾಗಲಿಲ್ಲ.

ಯುರೋಪ್ ಮತ್ತು ಅಮೆರಿಕದ ಭಿನ್ನ ದಾರಿಗಳು

ಯುರೋಪಿನ ಪ್ರಾಧಿಕಾರವು ದಿನವೊಂದಕ್ಕೆ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ ಸೇವಿಸಬಹುದಾದ ಬಿಪಿಎ ಮಿತಿಯನ್ನು 2006ರಲ್ಲಿ 50 ಮೈಕ್ರೋಗ್ರಾಂ ಎಂದು ನಿಗದಿಪಡಿಸಿತ್ತು. 2015ರಲ್ಲಿ ಅದು ತಾತ್ಕಾಲಿಕವಾಗಿ 4 ಮೈಕ್ರೋಗ್ರಾಂಗೆ ಇಳಿಯಿತು. 2023ರ ಏಪ್ರಿಲ್‌ನಲ್ಲಿ, ಮುಖ್ಯವಾಗಿ ರೋಗನಿರೋಧಕ ವ್ಯವಸ್ಥೆಯ ಮೇಲಿನ ಪರಿಣಾಮವನ್ನು ಪರಿಗಣಿಸಿ, 0.2 ನ್ಯಾನೋಗ್ರಾಂಗೆ ಇಳಿಸಲಾಯಿತು. ಒಂದು ಮೈಕ್ರೋಗ್ರಾಂ ಎಂದರೆ 1,000 ನ್ಯಾನೋಗ್ರಾಂ. ಆದುದರಿಂದ ಇದು 2015ರ ಮಿತಿಗಿಂತ 20,000 ಪಟ್ಟು ಕಡಿಮೆ. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆಯು ಇದನ್ನೊಪ್ಪದೆ 200 ನ್ಯಾನೋಗ್ರಾಂ ಸಾಕೆಂದಿತು. ಯುರೋಪಿಯನ್ ಔಷಧ ಸಂಸ್ಥೆಯೂ ಭಿನ್ನಮತ ದಾಖಲಿಸಿತು. ಆದರೂ 2024ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಆಯೋಗವು ಆಹಾರಕ್ಕೆ ತಾಗುವ ಸಾಮಗ್ರಿಗಳಲ್ಲಿ ಬಿಪಿಎ ಬಳಕೆಯನ್ನು ನಿಷೇಧಿಸುವ ನಿಯಮವನ್ನು ಅಂಗೀಕರಿಸಿತು. ಅದು 2025ರ ಜನವರಿ 20ರಂದು ಜಾರಿಗೆ ಬಂದಿತು. ಬಹುತೇಕ ಸರಕುಗಳಿಗೆ 2026ರ ಜುಲೈ 20ರವರೆಗೆ, ಕೆಲವು ವಿಶೇಷ ಬಗೆಯವುಗಳಿಗೆ 2028ರ ಜನವರಿ 20ರವರೆಗೆ ಕಾಲಾವಕಾಶ ನೀಡಲಾಯಿತು.

ಇತ್ತ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 300ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ 2014ರಲ್ಲಿ, ಆಹಾರದಲ್ಲಿ ಕಂಡುಬರುವ ಪ್ರಮಾಣದಲ್ಲಿ ಬಿಪಿಎ ಸುರಕ್ಷಿತವೆಂಬ ತನ್ನ ನಿಲುವನ್ನು ಬದಲಿಸಲು ಕಾರಣ ಕಾಣುವುದಿಲ್ಲ ಎಂದಿತು. ಒಂದೇ ವಸ್ತು, ಎರಡು ಖಂಡಗಳ ಪರಿಣತರು, ಎರಡು ತೀರ್ಮಾನ. ರಫ್ತುದಾರರ ಪಾಲಿಗೆ ಯಾರು ಸರಿ ಎಂಬ ಪ್ರಶ್ನೆಗಿಂತ ಸರಕು ಯಾವ ದೇಶಕ್ಕೆ ಹೋಗುತ್ತಿದೆ ಎಂಬ ಪ್ರಶ್ನೆ ಮೊದಲು ಬರುತ್ತದೆ.

ಭಾರತದ ಸ್ಥಿತಿ

ಶಿಶುಗಳ ಹಾಲಿನ ಬಾಟಲಿಯ ವಿಷಯದಲ್ಲಿ ನಮ್ಮ ದೇಶದ ಕಾನೂನು ಸ್ಪಷ್ಟವಾಗಿದೆ. 1992ರ ಶಿಶು ಹಾಲಿನ ಬದಲಿಗಳು ಮತ್ತು ಹಾಲುಣಿಸುವ ಬಾಟಲಿಗಳ ಕಾಯಿದೆಯು ಅವುಗಳ ಜಾಹೀರಾತನ್ನು ನಿಷೇಧಿಸುವುದಲ್ಲದೆ, ಭಾರತೀಯ ಮಾನಕ ಬ್ಯೂರೋದ ಮುದ್ರೆಯಿಲ್ಲದ ಹಾಲಿನ ಬಾಟಲಿಯನ್ನು ಮಾರುವಂತಿಲ್ಲ ಎನ್ನುತ್ತದೆ. ಪ್ಲಾಸ್ಟಿಕ್ ಹಾಲಿನ ಬಾಟಲಿಗೆ ಸಂಬಂಧಿಸಿದ ಐಎಸ್ 14625 ಮಾನಕವು 2015ರಲ್ಲಿ ಪರಿಷ್ಕೃತಗೊಂಡು ಬಿಪಿಎಗೆ ಅವಕಾಶವಿಲ್ಲದಂತಾಯಿತು. ಆದುದರಿಂದ ಮುದ್ರೆಯಿಲ್ಲದ ಅಗ್ಗದ ಹಾಲಿನ ಬಾಟಲಿಗಳನ್ನು ಇಟ್ಟುಕೊಳ್ಳುವ ಅಂಗಡಿಯವರು ಆರೋಗ್ಯದ ವಿವಾದ ಹೇಗೇ ಇರಲಿ, ಕಾನೂನಿನ ದೃಷ್ಟಿಯಲ್ಲಿ ತಪ್ಪಿತಸ್ಥರಾಗುತ್ತಾರೆ.

ಇತರ ಪೊಟ್ಟಣ ಸಾಮಗ್ರಿಗಳಿಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ವಿನಿಯಮಗಳು ಅನ್ವಯಿಸುತ್ತವೆ. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಸೇರುವ ಒಟ್ಟು ಪದಾರ್ಥಗಳ ಮಿತಿ ಕಿಲೋಗ್ರಾಂಗೆ 60 ಮಿಲಿಗ್ರಾಂ. ಅನೇಕ ವರ್ತಕರು ಎಡವುವುದು ಈ ಅಂಕಿಯಲ್ಲಿಯೇ. ಇದು ಹೊರಬರುವ ಎಲ್ಲ ಪದಾರ್ಥಗಳ ಒಟ್ಟು ತೂಕ. ಯುರೋಪ್ 2018ರಲ್ಲಿ ಬಿಪಿಎ ಒಂದಕ್ಕೇ ನಿಗದಿಪಡಿಸಿದ್ದ ಮಿತಿ ಕಿಲೋಗ್ರಾಂಗೆ 0.05 ಮಿಲಿಗ್ರಾಂ. ಅಂದರೆ 1,200 ಪಟ್ಟು ವ್ಯತ್ಯಾಸ. ಒಟ್ಟು ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರಮಾಣಪತ್ರವನ್ನು ತೋರಿಸಿ "ಬಿಪಿಎ ಇಲ್ಲ" ಎನ್ನುವುದು, ಒಟ್ಟು ವಹಿವಾಟಿನ ಅಂಕಿಯನ್ನು ತೋರಿಸಿ ಒಬ್ಬ ಸಾಲಗಾರನ ಬಾಕಿ ತೀರಿದೆ ಎಂದಂತೆ.

ಮನೆ, ಕಚೇರಿಗಳಿಗೆ ಸರಬರಾಜಾಗುವ 20 ಲೀಟರಿನ ಮರುಬಳಕೆಯ ಕ್ಯಾನುಗಳಲ್ಲಿ ಪಾಲಿಕಾರ್ಬೊನೇಟಿನವೂ ಇವೆ, ಪೆಟ್‌ನವೂ ಇವೆ. ಪಾಲಿಕಾರ್ಬೊನೇಟ್ ಕ್ಯಾನುಗಳನ್ನು ಕುದಿಯುವ ನೀರಿನಿಂದ ತೊಳೆಯದಿರುವುದು, ತೀಕ್ಷ್ಣ ಮಾರ್ಜಕ ಬಳಸದಿರುವುದು, ಬಿಸಿಲಿನಲ್ಲಿ ಪೇರಿಸದಿರುವುದು, ಮಬ್ಬಾದ ಹಾಗೂ ಬಿರುಕುಬಿಟ್ಟ ಕ್ಯಾನುಗಳನ್ನು ಚಲಾವಣೆಯಿಂದ ತೆಗೆಯುವುದು ಹೆಚ್ಚು ಖರ್ಚಿಲ್ಲದ ಎಚ್ಚರಿಕೆಗಳು. ಪೆಟ್ ಬಾಟಲಿಗೂ ಬಿಸಿಲು ಹಿತವಲ್ಲ. ಅದರ ತಯಾರಿಕೆಯಲ್ಲಿ ಬಳಕೆಯಾಗುವ ಆಂಟಿಮನಿ ಎಂಬ ಧಾತು ಅತಿ ಸೂಕ್ಷ್ಮ ಪ್ರಮಾಣದಲ್ಲಿ ನೀರಿಗೆ ಸೇರುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ಲೀಟರಿಗೆ 20 ಮೈಕ್ರೋಗ್ರಾಂ ಮಿತಿಗಿಂತ ಬಹಳ ಕೆಳಗಿದ್ದರೂ ಬಿಸಿಯೊಡನೆ ಏರುತ್ತದೆ.

ಮಾಹಿತಿ ಹುಡುಕುವಾಗ

ಅಂತರ್ಜಾಲದಲ್ಲಿ ಹುಡುಕಿದಾಗ ಸರಿಯಾದ ಮಾಹಿತಿಯೂ ಸುಳ್ಳೂ ಒಂದೇ ಪುಟದಲ್ಲಿ ಬರುತ್ತವೆ. ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯಿಂದ ಡಯಾಕ್ಸಿನ್ ವಿಷ ಹೊರಬರುತ್ತದೆ ಎಂಬ ಸಂದೇಶವು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಹೆಸರಿನಲ್ಲಿ ವರ್ಷಗಟ್ಟಲೆ ಹರಿದಾಡಿತು. ಆ ಸಂಸ್ಥೆಯೇ ಅದನ್ನು ಅಲ್ಲಗಳೆದಿದೆ. ಪೆಟ್ ಬಾಟಲಿಯನ್ನು ಮತ್ತೆ ಬಳಸಿದರೆ ಕ್ಯಾನ್ಸರ್ ಬರುತ್ತದೆಂಬ ಇನ್ನೊಂದು ಸಂದೇಶದ ಮೂಲ ಒಬ್ಬ ವಿದ್ಯಾರ್ಥಿಯ ಸ್ನಾತಕೋತ್ತರ ಪ್ರಬಂಧ. ಅದರಲ್ಲಿ ಹೆಸರಿಸಿದ ರಾಸಾಯನಿಕ ಪೆಟ್ ತಯಾರಿಕೆಯಲ್ಲಿ ಬಳಕೆಯಲ್ಲಿಯೇ ಇಲ್ಲ. ಯಾವುದೇ ಹೇಳಿಕೆಯನ್ನು ಒಪ್ಪುವ ಅಥವಾ ತಳ್ಳಿಹಾಕುವ ಮುನ್ನ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಲೇಸು.

1. ಹೇಳಿಕೆ ಯಾವ ಪ್ಲಾಸ್ಟಿಕ್ಕಿಗೆ ಸಂಬಂಧಿಸಿದ್ದು? ಪಾಲಿಕಾರ್ಬೊನೇಟಿನ ದೋಷವನ್ನು ಪೆಟ್ ಖಾತೆಗೆ ಬರೆಯಲಾಗಿದೆಯೇ?

2. ಮೂಲ ದಾಖಲೆ ಯಾವುದು? ನಿಯಂತ್ರಣ ಪ್ರಾಧಿಕಾರದ ಆದೇಶವನ್ನು ಅದರ ಸ್ವಂತ ಜಾಲತಾಣದಲ್ಲಿ, ಸಂಶೋಧನೆಯ ಸಾರಾಂಶವನ್ನು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಪಬ್‌ಮೆಡ್ ಸೂಚಿಯಲ್ಲಿ ಉಚಿತವಾಗಿ ನೋಡಬಹುದು.

3. ದಿನಾಂಕ ಯಾವುದು? 2008ರ ಕರಡನ್ನು 2023ರ ತೀರ್ಮಾನ ಹಿಂದೆ ಹಾಕಿರಬಹುದು.

4. ಪ್ರಯೋಗ ಇಲಿಯ ಮೇಲೋ ಮನುಷ್ಯರ ಮೇಲೋ? ಪ್ರಮಾಣ ಎಷ್ಟು? ಮೈಕ್ರೋಗ್ರಾಂ ಮತ್ತು ಮಿಲಿಗ್ರಾಂ ನಡುವೆ ಸಾವಿರ ಪಟ್ಟು ಅಂತರವಿದೆ.

5. ಹಣ ಒದಗಿಸಿದವರಾರು? ಬದಲಿ ಬಾಟಲಿ ಮಾರುವವರು ಹೆದರಿಕೆ ಹುಟ್ಟಿಸುವುದರಲ್ಲಿಯೂ ಲಾಭವಿದೆ ಎಂಬುದನ್ನು ಮರೆಯಬಾರದು.

"ಬಿಪಿಎ ಮುಕ್ತ" ಎಂಬ ಘೋಷಣೆಯ ಹೊಣೆ

ಸ್ವಿಟ್ಜರ್ಲೆಂಡಿನ ಸಿಗ್ ಕಂಪನಿಯ ಅಲ್ಯೂಮಿನಿಯಂ ಬಾಟಲಿಗಳಿಗೆ 2008ರ ಗದ್ದಲದಲ್ಲಿ ಭಾರೀ ಬೇಡಿಕೆ ಬಂದಿತು. ಪ್ಲಾಸ್ಟಿಕ್ ಬಿಟ್ಟವರು ಅವುಗಳನ್ನು ಕೊಂಡರು. 2008ರ ಆಗಸ್ಟ್‌ಗಿಂತ ಮೊದಲು ತಯಾರಾದ ಬಾಟಲಿಗಳ ಒಳಲೇಪನದಲ್ಲಿ ಲೇಶಮಾತ್ರ ಬಿಪಿಎ ಇತ್ತೆಂದು 2009ರಲ್ಲಿ ಕಂಪನಿಯೇ ತಿಳಿಸಿತು. ಹಳೆಯ ಬಾಟಲಿಗಳನ್ನು ಬದಲಿಸಿಕೊಟ್ಟರೂ ಗ್ರಾಹಕರು ಮೊಕದ್ದಮೆ ಹೂಡಿದರು. 2011ರಲ್ಲಿ ಅದರ ಅಮೆರಿಕದ ಅಂಗಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ಬಾಟಲಿಯಿಂದ ಬಿಪಿಎ ನೀರಿಗೆ ಸೇರುತ್ತಿರಲಿಲ್ಲವೆಂಬ ಕಂಪನಿಯ ವಾದ ಗ್ರಾಹಕರ ಸಿಟ್ಟನ್ನು ತಣಿಸಲಿಲ್ಲ. ಗ್ರಾಹಕರು ಕ್ಷಮಿಸದೆ ಹೋದದ್ದು ರಾಸಾಯನಿಕವನ್ನಲ್ಲ, ಮೌನವನ್ನು.

ನಮ್ಮ 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವಿದೆ. ತಯಾರಕರು ಕೊಡದ ಭರವಸೆಯನ್ನು ಮಾರಾಟಗಾರನು ಸ್ವತಃ ಕೊಟ್ಟು ಅದು ಸುಳ್ಳಾದರೆ, ಹಾನಿಯ ಹೊಣೆ ಅವನ ಮೇಲೂ ಬರುತ್ತದೆ. ತಯಾರಕರು ಯಾರೆಂದು ತಿಳಿಯದಿದ್ದರೂ ಹಾಗೆಯೇ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಬಿಲ್ಲಿಲ್ಲದೆ ಕೊಂಡ ಬಾಟಲಿಯ ಮೇಲೆ "ಬಿಪಿಎ ಮುಕ್ತ" ಎಂಬ ಚೀಟಿ ಅಂಟಿಸುವ ಅಂಗಡಿಯವನು ಈ ಎರಡು ಹೊಣೆಗಳನ್ನೂ ಒಟ್ಟಿಗೆ ಹೊರುತ್ತಾನೆ. ಅಲ್ಲದೆ ಬಿಪಿಎ ಬದಲು ಬಿಸ್ಫೆನಾಲ್-ಎಸ್‌ನಂತಹ ಸೋದರ ರಾಸಾಯನಿಕ ಬಳಸಿದ ಸರಕಿಗೂ ಈ ಮಾತು ಅಕ್ಷರಶಃ ನಿಜವೇ. ಅದು ನಿರಪಾಯವೆಂಬುದಕ್ಕೆ ಅದು ಪ್ರಮಾಣವಾಗದು.

ಆದುದರಿಂದ ಸರಬರಾಜುದಾರರಿಂದ ಪ್ಲಾಸ್ಟಿಕ್ಕಿನ ದರ್ಜೆ, ತಂಡದ ಸಂಖ್ಯೆ, ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ, ಪರೀಕ್ಷೆಯ ದಿನಾಂಕ ಮತ್ತು ಉಷ್ಣತೆಗಳನ್ನು ಲಿಖಿತವಾಗಿ ಪಡೆದು ಖರೀದಿ ಬಿಲ್ಲಿನೊಡನೆ ಇಡಬೇಕು. ವರದಿಯಲ್ಲಿ ಬಿಪಿಎ ಹೆಸರು ಪ್ರತ್ಯೇಕವಾಗಿ ಇದೆಯೇ ಎಂದು ನೋಡಬೇಕು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಆಹಾರ ಪ್ಯಾಕೇಜಿಂಗ್ ವಿಭಾಗವೇ ಇರುವುದರಿಂದ ನಮ್ಮ ರಾಜ್ಯದ ಉದ್ದಿಮೆದಾರರು ಸಲಹೆಗಾಗಿ ದೂರ ಹೋಗಬೇಕಿಲ್ಲ.

ಲೆಕ್ಕಪತ್ರದ ದೃಷ್ಟಿ

ವಿವಾದವು ಕೊನೆಗೆ ಬಂದು ನಿಲ್ಲುವುದು ದಾಸ್ತಾನು ಪುಸ್ತಕದಲ್ಲಿ. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಅಸಲು ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯದಕ್ಕೆ ತೋರಿಸಬೇಕು. ಉದಾಹರಣೆಗೆ, ವರ್ತಕರೊಬ್ಬರಲ್ಲಿ ತಲಾ 180 ರೂಪಾಯಿ ಅಸಲಿನ 1,000 ಪಾಲಿಕಾರ್ಬೊನೇಟ್ ಬಾಟಲಿಗಳಿವೆ ಎಂದಿಟ್ಟುಕೊಳ್ಳೋಣ. ಬೇಡಿಕೆ ಕುಸಿದು ತಲಾ 60 ರೂಪಾಯಿಗೆ ಮಾತ್ರ ಮಾರಬಹುದಾಗಿ, ಮಾರಾಟದ ಖರ್ಚು 5 ರೂಪಾಯಿ ತಗಲಿದರೆ, ವಸೂಲಿ ಮೌಲ್ಯ 55 ರೂಪಾಯಿ. ವರ್ಷಾಂತ್ಯದಲ್ಲಿ ತೋರಿಸಬೇಕಾದ ನಷ್ಟ 1,25,000 ರೂಪಾಯಿ. ಇನ್ನು ಸರಕನ್ನು ನಾಶಪಡಿಸಿದಲ್ಲಿ ಅಥವಾ ಪುಸ್ತಕದಿಂದ ಪೂರ್ಣವಾಗಿ ತೆಗೆದುಹಾಕಿದಲ್ಲಿ, ಅದರ ಖರೀದಿಯ ಮೇಲೆ ಪಡೆದ ಜಿಎಸ್‌ಟಿ ಜಮೆಯನ್ನು ಕೇಂದ್ರ ಜಿಎಸ್‌ಟಿ ಕಾಯಿದೆಯ 17(5) ಕಲಮಿನಂತೆ ಹಿಂತಿರುಗಿಸಬೇಕಾಗುತ್ತದೆ. ಹಾಗಾಗಿ ಕಾಯುತ್ತ ಕೂರುವುದಕ್ಕೂ ಬೆಲೆ ತೆರಬೇಕಾಗುತ್ತದೆ.

ಬಿಪಿಎ ಎಷ್ಟು ಅಪಾಯಕರ ಎಂಬ ಬಗ್ಗೆ ಪರಿಣತರೇ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಆ ತೀರ್ಪು ಕೊಡುವುದು ವರ್ತಕರ ಕೆಲಸವೂ ಅಲ್ಲ. ತಾವು ಮಾರುವ ವಸ್ತು ಯಾವ ಪ್ಲಾಸ್ಟಿಕ್ಕಿನದು, ಅದಕ್ಕೆ ಯಾವ ನಿಯಮ ಅನ್ವಯಿಸುತ್ತದೆ, ಆಧಾರವಾಗಿ ಕೈಯಲ್ಲಿರುವ ಕಾಗದ ಯಾವುದು, ಈ ಮೂರನ್ನು ಅವರು ತಿಳಿದಿದ್ದರೆ ಸಾಕು. ಮುಂದಿನ ಸಲ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದ ತಾಯಿ ಅದೇ ಪ್ರಶ್ನೆ ಕೇಳಿದಾಗ, ಬಾಟಲಿಯ ಮೇಲಿನ ಮುದ್ರೆಯನ್ನೂ ಕಡತದಲ್ಲಿನ ವರದಿಯನ್ನೂ ತೋರಿಸಬಲ್ಲ ವರ್ತಕನಿಗೆ ಬೇರೆ ಜಾಹೀರಾತು ಬೇಕಾಗದು.